ಚೆಂಡುಮೇಜಿನ ಒಂದು ಸಂಶಯವೂ ಮಿತಾಕ್ಷರೆಯ ದ್ಯೂತಪ್ರಕರಣವೂ

ಕಿಸೆಯ ಅಂಚಿನಲ್ಲಿ ಚೆಂಡೊಂದು ನಿಂತಿದೆ. ಆಟಗಾರನು ಅದನ್ನು ಬೀಳಿಸಲೆಂದು ಬಿಳಿಯ ಚೆಂಡನ್ನು ಕೋಲಿನಿಂದ ಹೊಡೆಯುತ್ತಾನೆ. ಅದು ಬಂದು ತಾಕುವುದಕ್ಕೆ ಮುನ್ನವೇ ಅಂಚಿನ ಚೆಂಡು ತಾನಾಗಿ ಕಿಸೆಯೊಳಕ್ಕೆ ಉರುಳುತ್ತದೆ. ಇದು ಗೆಲವೋ, ದೋಷವೋ, ಎರಡೂ ಅಲ್ಲವೋ? ಸ್ನೂಕರ್ ಆಟದ ಈ ಸಂಶಯವನ್ನು ಸಂಶೋಧನ ಪತ್ರಿಕೆಯಲ್ಲಿ ಎತ್ತುವುದು ಕೆಲವು ವಾಚಕರಿಗೆ ಲಘುವೆಂದು ತೋರಬಹುದು. ಆದರೆ ಆಟದ ವಿವಾದವನ್ನು ತೀರ್ಮಾನಿಸತಕ್ಕವರು ಯಾರೆಂಬುದನ್ನು ಕನ್ನಡನಾಡಿನ ಕಲ್ಯಾಣದಲ್ಲಿಯೇ ಒಬ್ಬ ಶಾಸ್ತ್ರಕಾರನು ಬಹು ಹಿಂದೆ ವಿಚಾರಿಸಿರುವನು.

ಮೊದಲು ಆಟದ ಚರಿತ್ರೆಯನ್ನು ಸಂಗ್ರಹವಾಗಿ ಹೇಳುವೆನು. ಇದು ವಿಲಾಯತಿಯಲ್ಲಿ ಹುಟ್ಟಿದುದಲ್ಲ. 1875ರಲ್ಲಿ ಜಬಲ್ಪುರದ ಸೈನ್ಯಾಧಿಕಾರಿಗಳ ಭೋಜನಶಾಲೆಯಲ್ಲಿ ನೆವಿಲ್ ಚೇಂಬರ್ಲೇನ್ ಎಂಬ ಯುವಕಾಧಿಕಾರಿಯು ಹಳೆಯ ಪಣದಾಟಗಳಿಗೆ ಬಣ್ಣದ ಚೆಂಡುಗಳನ್ನು ಸೇರಿಸಿ ಇದನ್ನು ಕಲ್ಪಿಸಿದನೆಂದು ಪ್ರಸಿದ್ಧಿ. ಇದರ ನಿಯಮಗಳು ಬರಹಕ್ಕಿಳಿದುದು 1882ರಲ್ಲಿ, ಉದಕಮಂಡಲದ ಕ್ಲಬ್ಬಿನಲ್ಲಿ. ಎಂದರೆ ನಮ್ಮ ನುಡಿಗೆ ಸಮೀಪಬಂಧುವಾದ ನುಡಿಯನ್ನಾಡುವ ಬಡಗರ ನೀಲಗಿರಿಯಲ್ಲಿ. ಈ ಜನ್ಮವೃತ್ತಾಂತವೂ ಒಮ್ಮೆ ವಿವಾದಕ್ಕೆ ಬಂದಿತ್ತು. ವೃದ್ಧನಾಗಿದ್ದ ಚೇಂಬರ್ಲೇನನು 1938ರಲ್ಲಿ ಪತ್ರಮುಖೇನ ತಾನೇ ಸಾಕ್ಷಿ ನುಡಿಯಬೇಕಾಯಿತು. ನಮ್ಮ ಬೆಂಗಳೂರಿನಲ್ಲಿ ಈ ಆಟವು ಬೇರೂರಿದ ಬಗೆಯನ್ನು ವಿವರಿಸಬೇಕಾದುದಿಲ್ಲ. ಈ ನಗರದಲ್ಲಿ ಬೆಳೆದ ಪಂಕಜ ಅದ್ವಾನಿಯವರು 2003ರಲ್ಲಿ ಚೀನಾದೇಶದಲ್ಲಿ ಹವ್ಯಾಸಿಗಳ ವಿಶ್ವವಿಜಯವನ್ನು ಪಡೆದುದು ಬಸವನಗುಡಿ, ಚಾಮರಾಜಪೇಟೆಗಳ ಹುಡುಗರಿಗೂ ಗೊತ್ತಿದೆ.

ಇನ್ನು ಸಂಶಯಕ್ಕೆ ಬರುವೆನು. ಇಂದಿನ ನಿಯಮವು ಹೀಗಿದೆ: ಸಾಗುತ್ತಿದ್ದ ಹೊಡೆತದಲ್ಲಿ ತಾಕಿಸಿಕೊಳ್ಳಬೇಕಾಗಿದ್ದ ಚೆಂಡು ತಾಕದೆ ತಾನೇ ಬಿದ್ದರೆ, ಬೇರೆ ದೋಷವಿಲ್ಲದಿರುವಾಗ, ಚೆಂಡುಗಳನ್ನೆಲ್ಲ ಮೊದಲಿದ್ದೆಡೆಯಲ್ಲಿಟ್ಟು ಆಟಗಾರನು ಅದೇ ಹೊಡೆತವನ್ನೋ ಬೇರೊಂದನ್ನೋ ಮತ್ತೆ ಹೊಡೆಯಬೇಕು. ದೋಷವಿದ್ದರೆ ದಂಡವು ತಪ್ಪದು. ಫಲವು ಕಂಡರೂ ಅದು ಕರ್ತೃವಿನ ವ್ಯಾಪಾರದಿಂದ ಹುಟ್ಟದಿದ್ದರೆ ಅವನಿಗೆ ಸಲ್ಲದೆಂಬುದು ಇದರ ಹೃದಯ. ನೈಯಾಯಿಕರು ಕಾಗೆ ಕುಳಿತಾಗ ತಾಳೆಯ ಹಣ್ಣು ಬಿದ್ದುದನ್ನು ವಿಚಾರಿಸುವಾಗ ಬೇರೇನನ್ನು ಹೇಳುವರು?

ಈಗ ಮಿತಾಕ್ಷರೆ. ಆರನೆಯ ವಿಕ್ರಮಾದಿತ್ಯನ (1076–1126) ಕಾಲದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ರಚಿಸಿದ ಈ ವ್ಯಾಖ್ಯಾನದ ದಾಯವಿಭಾಗವನ್ನು ಕೋಲ್‌ಬ್ರೂಕನು 1810ರಲ್ಲಿ ಇಂಗ್ಲಿಷಿಗೆ ತಂದನು. ನ್ಯಾಯಾಲಯಗಳು ಅದನ್ನು ಹಿಡಿದುವು. ನಮ್ಮವರೂ ಅದನ್ನೇ ಹಿಡಿದರು. ದ್ಯೂತಪ್ರಕರಣವು ಮೂಲೆಗೆ ಬಿದ್ದಿತು. ಮನುವು ಜೂಜನ್ನು ರಾಜ್ಯದಿಂದಲೇ ಹೊರಡಿಸಬೇಕೆನ್ನುವನು. ಯಾಜ್ಞವಲ್ಕ್ಯನಾದರೋ ಸಭಿಕನೆಂಬ ಅಧ್ಯಕ್ಷನ ಕೈಕೆಳಗೆ ಅದನ್ನಿಟ್ಟು, ಗೆದ್ದ ಪಣವು ನೂರಕ್ಕೆ ಕಡಮೆಯಲ್ಲದಿದ್ದರೆ ನೂರಕ್ಕೆ 5ರಂತೆ, ಉಳಿದ ಕಡೆ ನೂರಕ್ಕೆ 10ರಂತೆ ಅವನಿಗೆ ಭಾಗವನ್ನು ಗೊತ್ತುಮಾಡಿ, ಅವನು ಸತ್ಯವಾದಿಯೂ ಕ್ಷಮಾಶೀಲನೂ ಆಗಿರಬೇಕೆಂದು ವಿಧಿಸುವನು. ವಿವಾದ ಬಂದಾಗ ನೋಡತಕ್ಕವರೂ ಸಾಕ್ಷಿಗಳೂ ಜೂಜುಗಾರರೇ. ಇಲ್ಲಿ ವಿಜ್ಞಾನೇಶ್ವರನ ಮಾತು ಬಹು ಗಟ್ಟಿಯಾದುದು: ವ್ಯವಹಾರವನ್ನು ನೋಡುವವರಿಗೆ ಅನ್ಯತ್ರ ಹೇಳಿದ ಶ್ರುತಾಧ್ಯಯನದ ನಿಯಮವು ಇಲ್ಲಿಗಿಲ್ಲ, ಸಾಕ್ಷಿಪ್ರಕರಣದಲ್ಲಿ ಕಿತವನನ್ನು ಹೊರಗಿಟ್ಟ ನಿಷೇಧವೂ ಇಲ್ಲಿಗಿಲ್ಲ. ಬೇರೆಲ್ಲ ಕಡೆಯೂ ಯಾರ ಮಾತನ್ನು ನಂಬಲಾಗದೋ ಅವನೇ ಇಲ್ಲಿ ಪ್ರಮಾಣ! ದಾಳದ ಒರಗನ್ನು ವೇದಪಾರಂಗತನು ಏನು ಬಲ್ಲನು?

ಆಂಗ್ಲರು ಇದನ್ನು ನಮ್ಮಿಂದ ಕಲಿತರೆಂದು ಯಾರೂ ಹೇಳಬಾರದು. ಎಲ್ಲವನ್ನೂ ಶಾಸ್ತ್ರದಲ್ಲಿಯೇ ಕಾಣುವ ಚಾಪಲ್ಯವು ಶಾಸ್ತ್ರಕ್ಕೇ ಅಪಮಾನ. ಭೇದವೂ ಸ್ಪಷ್ಟವಾಗಿದೆ. ಸ್ನೂಕರಿನಲ್ಲಿ ನಿರ್ಣಾಯಕನು ಆಟಗಾರನಲ್ಲ, ಅವನೊಬ್ಬನೇ ನ್ಯಾಯಾನ್ಯಾಯಗಳಿಗೆ ಅಧಿಕಾರಿ. ಆದರೂ ಅವನು ಕಾಣದ ಘಟನೆಯೊಂದುಂಟಾದರೆ, ಚೆನ್ನಾಗಿ ನೋಡಬಲ್ಲೆಡೆಯಲ್ಲಿ ಕುಳಿತ ಪ್ರೇಕ್ಷಕರ ಸಾಕ್ಷ್ಯವನ್ನು ಅವನು ಪಡೆಯಬಹುದೆಂದು ನಿಯಮವು ಅನುಮತಿಸುತ್ತದೆ. ಅವರ ಕುಲವನ್ನಾಗಲಿ ವಿದ್ಯೆಯನ್ನಾಗಲಿ ಅದು ಕೇಳುವುದಿಲ್ಲ, ಕುಳಿತ ಜಾಗವನ್ನು ಮಾತ್ರ ಕೇಳುತ್ತದೆ.

ಅಂಚಿನ ಚೆಂಡಿನಲ್ಲಿ ಇನ್ನೊಂದು ತೊಡಕುಂಟು. ಹೊಡೆತದಿಂದ ಬಂದ ಚೆಂಡು ಅಂಚಿನಲ್ಲಿ ಕ್ಷಣಮಾತ್ರ ತೂಗಾಡಿ ಬಿದ್ದರೆ ಅದು ಬಿದ್ದುದೆಂದೇ ಲೆಕ್ಕ. ಆ ಕ್ಷಣವೆಷ್ಟು? ಅಮೆರಿಕದಲ್ಲಿ ಬೆಳೆದ ಪೂಲ್ ಆಟದ ಇಂದಿನ ವಿಶ್ವನಿಯಮವು 5 ಸೆಕೆಂಡುಗಳೆಂದು ಅಳೆದಿದೆ. ಅಷ್ಟು ಹೊತ್ತು ಅಲುಗದಂತೆ ತೋರಿದ ಚೆಂಡು ಆಮೇಲೆ ತಾನಾಗಿ ಬಿದ್ದರೆ ಸಲ್ಲದು. ಸ್ನೂಕರ್ ನಿಯಮವು ಅಳೆಯದೆ, ನಿಂತಿತೋ ತೂಗಾಡಿತೋ ಎಂಬುದನ್ನು ಮೇಜಿನ ಬಳಿಯ ನಿರ್ಣಾಯಕನ ಕಣ್ಣಿಗೆ ಬಿಟ್ಟಿದೆ. ನೋಡುವವನಿಗೆ ಯಾಜ್ಞವಲ್ಕ್ಯನು ಇಟ್ಟಿರುವ ಹೆಸರು ದ್ರಷ್ಟಾ.