ಮೂಡಲಪಾಳ್ಯಕ್ಕೆ ಜೋಂಬಿ ಬಂದರೆ

ನಮ್ಮ ಸ್ಕೂಲಿನ ಒಂಬತ್ತನೇ ಕ್ಲಾಸಿನ ಹುಡುಗರು ಭೂಪಟ ಬಿಡಿಸಿ ಅಂದರೆ ತಿಣುಕುತ್ತಾರೆ. ನೋಟ್‌ಬುಕ್ಕಿನ ಹಿಂದಿನ ಹಾಳೆಗಳಲ್ಲಿ ಜೋಂಬಿ ಕಥೆ ಬರೆಯುವಾಗ ಮಾತ್ರ ಒಂದು ಅಡ್ಡರಸ್ತೆಯೂ ತಪ್ಪುವುದಿಲ್ಲ. ಮೂಡಲಪಾಳ್ಯ ಸರ್ಕಲ್ಲಿನಲ್ಲಿ ಸತ್ತವರು ಎದ್ದು ಬಂದರೆ ನಾಗರಬಾವಿ ಕಡೆ ಓಡಬೇಕೋ, ವಿಜಯನಗರಕ್ಕೆ ಹೋಗಿ ಮೆಟ್ರೋ ಹಿಡಿಯಬೇಕೋ? 'ರಿಂಗ್ ರೋಡು ಜಾಮ್ ಆಗಿರುತ್ತೆ ಸಾರ್, ಜೋಂಬಿನೂ ಸಿಕ್ಕಾಕ್ಕೊಳ್ಳುತ್ತೆ' ಎಂದು ಒಬ್ಬನ ವಾದ.

ಇದೆಲ್ಲ ಅಮೆರಿಕದ ಹುಚ್ಚು ಅನ್ನುವವರು ನಮ್ಮ ಸ್ಟಾಫ್ ರೂಮಿನಲ್ಲೇ ಇದ್ದಾರೆ. ಅರ್ಧ ನಿಜ. ಜಾರ್ಜ್ ರೊಮೆರೊ 1968ರಲ್ಲಿ ಈ ಬಗೆಯ ಸಿನಿಮಾಕ್ಕೆ ದಾರಿ ಹಾಕಿದ್ದು ತಾನಿದ್ದ ಪಿಟ್ಸ್‌ಬರ್ಗ್ ಸೀಮೆಯ ಒಂದು ತೋಟದ ಮನೆಯಲ್ಲಿ. 1978ರಲ್ಲಿ ಅದೇ ಸೀಮೆಯ ಮಾಲ್‌ಗೆ ಹೆಣಗಳನ್ನು ನುಗ್ಗಿಸಿದ. ಭಯಕ್ಕೆ ವಿಳಾಸ ಇದ್ದರೇ ರುಚಿ. ಆದರೆ ಆ ವಿಳಾಸ ಬರೆಯುವ ಕೆಲಸ ನಮ್ಮೂರಲ್ಲಿ ಅದಕ್ಕೂ ಹಳೆಯದು.

1898ರ ಆಗಸ್ಟಿನಲ್ಲಿ ಹುಬ್ಬಳ್ಳಿ ಕಡೆಯಿಂದ ಪ್ಲೇಗು ರೈಲು ಹತ್ತಿ ಬೆಂಗಳೂರಿಗೆ ಬಂತು. ಪೇಟೆಯ ಇಕ್ಕಟ್ಟಿನ ಮನೆಗಳಲ್ಲಿ ಬೇರೂರಿತು. ರೋಗ ದಾಟಿಸುವುದು ಇಲಿಯ ಮೈಮೇಲಿನ ಚಿಗಟ ಎಂದು ಫ್ರೆಂಚ್ ವೈದ್ಯ ಸಿಮೋನ್ ಕಂಡುಕೊಂಡದ್ದೂ ಅದೇ ವರ್ಷ. ವಿದ್ವಾಂಸರು ಅದನ್ನು ಒಪ್ಪಲು ಇನ್ನೂ ವರ್ಷಗಳು ಹಿಡಿದವು. ಜನ ಕಾಯಲಿಲ್ಲ. ಸೂರಿನಿಂದ ಇಲಿ ಬಿತ್ತು ಅಂದರೆ ಮುಗಿಯಿತು: ಪಾತ್ರೆಪಡಗ, ಕಾಳುಕಡ್ಡಿ ಕಟ್ಟಿಕೊಂಡು ಮನೆಗೆ ಬೀಗ ಜಡಿದು ಊರಾಚೆ ಹೊಲದಲ್ಲಿ ಗುಡಿಸಲು ಹಾಕುವುದು. ಭೈರಪ್ಪನವರ 'ಗೃಹಭಂಗ' ಓದಿದವರಿಗೆ ಆ ಖಾಲಿ ಊರು ಗೊತ್ತು. ಅಲ್ಲಿ ನಂಜಮ್ಮನ ಸಂಸಾರವನ್ನು ಒಡೆದದ್ದು ಪ್ಲೇಗೇ.

ಪೇಟೆಯ ಒತ್ತಡ ಇಳಿಸಲು ಸರ್ಕಾರ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳನ್ನು ಕಟ್ಟಿತು. ಅಲ್ಲಿನ ಅಗಲ ರಸ್ತೆ, ಮನೆಯ ಹಿಂದಿನ ಗಲ್ಲಿ ಇವೆಲ್ಲ ಗಾಳಿಬೆಳಕಿಗಾಗಿ, ಅಂದರೆ ರೋಗದ ಭಯಕ್ಕಾಗಿ ಎಳೆದ ಗೆರೆಗಳು. ನಮ್ಮ ಪಾಳ್ಯಕ್ಕೆ ಆ ಭಾಗ್ಯವಿಲ್ಲ. ಎದುರುಮನೆಯ ಒಗ್ಗರಣೆಗೆ ನಮ್ಮನೆಯಲ್ಲಿ ಸೀನು.

ಜನ ಮಾಡಿದ್ದು ಇನ್ನೊಂದು ಏರ್ಪಾಡು. ಪ್ಲೇಗನ್ನೇ ಮಾರಮ್ಮನೆಂದು ಕರೆದು ಗುಡಿ ಕಟ್ಟಿದರು. ಬೆಂಗಳೂರಿನಲ್ಲಿ ಪ್ಲೇಗ್ ಮಾರಮ್ಮನ ಗುಡಿಗಳು ಇವತ್ತಿಗೂ ಇವೆ. ಮಾರಿಯನ್ನು ಯಾರೂ ಬೈದು ಅಟ್ಟುವುದಿಲ್ಲ. ಬೇವಿನ ಸೊಪ್ಪು ಕಟ್ಟಿ, ತಂಬಿಟ್ಟಿನ ಆರತಿ ಎತ್ತಿ, ಮೊಸರನ್ನ ಇಟ್ಟು, 'ತಣ್ಣಗಿರು ತಾಯಿ' ಎಂದು ಕೈಮುಗಿದು ಗಡಿಯಾಚೆಗೆ ಕಳಿಸಿಕೊಡುತ್ತಾರೆ.

ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಬಾಗಿಲುಗಳ ಮೇಲೆ 'ನಾಳೆ ಬಾ' ಎಂಬ ಬರಹ ಕಾಣಿಸಿಕೊಂಡಾಗ ನಾನಿನ್ನೂ ಹುಡುಗ. ರಾತ್ರಿ ಹೆಣ್ಣು ದೆವ್ವವೊಂದು ಮನೆಯವರದೇ ದನಿಯಲ್ಲಿ ಕೂಗುತ್ತದೆ, ಬಾಗಿಲು ತೆಗೆದವರು ಸಾಯುತ್ತಾರೆ ಎಂಬ ಸುದ್ದಿ. ಅಜ್ಜಿ ಸೀಮೆಸುಣ್ಣದಲ್ಲಿ ಬರೆಸಿದಳು, ನನ್ನ ಕೈಯಲ್ಲೇ. ಅಕ್ಷರ ದುಂಡಗಿರಲಿ, ಅದಕ್ಕೆ ಓದಲು ಬರಬೇಕಲ್ಲ ಎಂದು ತಾಕೀತು ಬೇರೆ. ಹೆದರಿಕೆಯಷ್ಟೇ ಖುಷಿಯೂ ಇತ್ತು. ಬೆಳಗಾದರೆ ಬೀದಿಯ ಹುಡುಗರೆಲ್ಲ ಯಾರ ಮನೆ ಬರಹ ಅಳಿಸಿದೆ ಎಂದು ನೋಡುತ್ತಾ ಹೋಗುತ್ತಿದ್ದೆವು.

2020ರ ಏಪ್ರಿಲ್‌ನಲ್ಲಿ ಕೊರೊನಾ ಭಯಕ್ಕೆ ಇಲ್ಲೇ ಹತ್ತಿರದ ಪಾದರಾಯನಪುರ, ಬಾಪೂಜಿನಗರ ಸೀಲ್‌ಡೌನ್ ಆದವು. ಇಂದಿನ ನನ್ನ ಹುಡುಗರು ಆಗ ಚಿಕ್ಕ ಮಕ್ಕಳು. ಕಥೆಯಲ್ಲಿ ಅವರು ರಸ್ತೆಗೆ ಅಡ್ಡ ಕಟ್ಟುವ ಗಳ, ತಗಡು ಹಾಲಿವುಡ್ಡಿನದಲ್ಲ.

ಹಾಲಿವುಡ್ಡಿನ ಜೋಂಬಿಯೊಡನೆ ಮಾತಿಲ್ಲ. ತಲೆಗೆ ಗುಂಡು, ಅಷ್ಟೇ. ಒಬ್ಬ ಹುಡುಗನ ಕಥೆಯಲ್ಲಿ ಜೋಂಬಿ ಬಾಗಿಲು ಬಡಿಯುತ್ತದೆ. ಒಳಗಿನಿಂದ ಅಜ್ಜಿ ಕೇಳುತ್ತಾಳೆ: 'ಯಾರಪ್ಪಾ ನೀನು? ಯಾವ ಕ್ರಾಸು?' ಸೋಂಕಿನೊಂದಿಗೂ ಮಾತಾಡಿ, ಉಣ್ಣಲಿಟ್ಟು, ದಾರಿ ತೋರಿಸಿ ಕಳಿಸಿದ ಊರಿನ ಮಗು ಮಾತ್ರ ಬರೆಯಬಹುದಾದ ಸಾಲು ಅದು. ಪ್ಲೇಗಿನ ಪಾಠವನ್ನು ನಾನೀಗ ಆ ಸಾಲಿನಿಂದಲೇ ಶುರುಮಾಡುತ್ತೇನೆ.