ಸಮಾಧಿ ಇಲ್ಲದ ನೌಕಾಧಿಕಾರಿಗೆ ದಿಯುವಿನಲ್ಲಿ ಸ್ಮಾರಕ: ಯಾರು ಈ ಕ್ಯಾಪ್ಟನ್ ಮುಲ್ಲಾ?

ಮುಂಬೈ: ಮಹಾವೀರ ಚಕ್ರ ಪುರಸ್ಕೃತ ಕ್ಯಾಪ್ಟನ್ ಮಹೇಂದ್ರನಾಥ್ ಮುಲ್ಲಾ ಅವರಿಗೆ ಸಮಾಧಿ ಇಲ್ಲ. 1971ರ ಡಿಸೆಂಬರ್ 9ರ ರಾತ್ರಿ ಪಾಕಿಸ್ತಾನದ ಜಲಾಂತರ್ಗಾಮಿ 'ಹಂಗೋರ್' ಹಾರಿಸಿದ ಟಾರ್ಪಿಡೊ ದಾಳಿಗೆ ಐಎನ್‌ಎಸ್ ಖುಕ್ರಿ ಮುಳುಗಿದಾಗ ಅವರೂ ಹಡಗಿನೊಂದಿಗೆ ಅರಬ್ಬಿ ಸಮುದ್ರ ಸೇರಿದರು. 18 ಅಧಿಕಾರಿಗಳು ಹಾಗೂ 176 ನಾವಿಕರು ಸೇರಿ 194 ಮಂದಿ ಹುತಾತ್ಮರಾದರು. ಬದುಕುಳಿದವರು 67 ಮಂದಿ ಮಾತ್ರ.

1926ರಲ್ಲಿ ಗೋರಖ್‌ಪುರದಲ್ಲಿ ಜನಿಸಿದ ಮುಲ್ಲಾ, 1948ರಲ್ಲಿ ನೌಕಾಪಡೆಯ ಅಧಿಕಾರಿಯಾದರು. ಲಂಡನ್‌ನಲ್ಲಿ ಉಪ ನೌಕಾ ಸಲಹೆಗಾರರಾಗಿದ್ದ ಅವರು, ಮುಂಬೈನ ಐಎನ್‌ಎಸ್ ಆಂಗ್ರೆ ನೆಲೆಯಲ್ಲೂ ಸೇವೆ ಸಲ್ಲಿಸಿದ್ದರು. ಯುದ್ಧದ ವೇಳೆ ಖುಕ್ರಿ ಮತ್ತು ಕಿರ್ಪಾಣ್ ನೌಕೆಗಳು ಶತ್ರು ಜಲಾಂತರ್ಗಾಮಿಯನ್ನು ಹುಡುಕಿಕೊಂಡು ಹೊರಟಿದ್ದು ಇದೇ ಮುಂಬೈನಿಂದ. ಆದರೆ ಹಂಗೋರ್‌ನ ಸೋನಾರ್ ದೂರದಿಂದಲೇ ಅವುಗಳ ಸುಳಿವು ಹಿಡಿದಿತ್ತು.

ಹಡಗು ಮುಳುಗುತ್ತಿದ್ದಾಗ ಮುಲ್ಲಾ ತಮ್ಮ ಜೀವರಕ್ಷಕ ಸಾಧನವನ್ನು ನಾವಿಕನೊಬ್ಬನಿಗೆ ಕೊಟ್ಟರು. ಸಾಧ್ಯವಾದಷ್ಟು ಸಿಬ್ಬಂದಿಯನ್ನು ಹೊರಗೆ ಕಳುಹಿಸಿ, ಉಳಿದವರನ್ನು ರಕ್ಷಿಸಲು ಮತ್ತೆ ಬ್ರಿಡ್ಜ್‌ಗೆ ಮರಳಿದರು. ಅವರನ್ನು ಕೊನೆಯದಾಗಿ ನೋಡಿದ್ದು ಅಲ್ಲೇ.

ದಿಯುವಿನ ಚಕ್ರತೀರ್ಥ ಕಡಲತೀರದ ಗುಡ್ಡದ ಮೇಲೆ, ಗಾಜಿನೊಳಗೆ ಇರಿಸಿದ ಖುಕ್ರಿಯ ಮಾದರಿಯೇ ಈ ಸ್ಮಾರಕ. ಇದು 1999ರ ಡಿಸೆಂಬರ್‌ನಲ್ಲಿ ಉದ್ಘಾಟನೆಗೊಂಡಿತು. ಬೀಚ್ ನೋಡಲು ಬರುವವರೇ ಹೆಚ್ಚಾಗಿರುವ ಊರಿನಲ್ಲಿ ಇಲ್ಲಿ ಒಂದಿಷ್ಟು ಹೊತ್ತು ನಿಲ್ಲಲೇಬೇಕು.

ಮುಂಬೈ ಕನ್ನಡಿಗರು ಅಷ್ಟು ದೂರ ಹೋಗಬೇಕೆಂದೇನಿಲ್ಲ. ಜೋಗೇಶ್ವರಿಯಿಂದ ಚರ್ಚ್‌ಗೇಟ್ ಲೋಕಲ್ ಹಿಡಿದು, ಅಲ್ಲಿಂದ ಬಸ್ಸು ಅಥವಾ ಟ್ಯಾಕ್ಸಿಯಲ್ಲಿ ಕಫ್ ಪರೇಡ್‌ಗೆ ಹೋದರೆ ಮುಲ್ಲಾ ಅವರ ಪ್ರತಿಮೆ ಕಾಣಬಹುದು. ಕೊಲಾಬಾದ ನೇವಿ ನಗರದಲ್ಲಿ ಅವರ ಹೆಸರಿನ ಸಭಾಂಗಣವೂ ಇದೆ.

ಖುಕ್ರಿ ಹೆಸರಿನ ಎರಡನೇ ನೌಕೆ ನಿರ್ಮಾಣವಾಗಿದ್ದು ಮುಂಬೈನ ಮಝಗಾಂವ್ ಡಾಕ್‌ನಲ್ಲಿ. 2021ರ ಡಿಸೆಂಬರ್‌ನಲ್ಲಿ ನಿವೃತ್ತಿಯಾದ ಅದನ್ನು 2022ರ ಜನವರಿ 26ರಂದು ದಿಯು ಆಡಳಿತಕ್ಕೆ ಹಸ್ತಾಂತರಿಸಲಾಯಿತು.