ಒಂದು ಕಣ್ಣಿನವರು ಯಾವ ಲೆಕ್ಕಕ್ಕೆ?

2001ರ ಜನಗಣತಿಯ ಪ್ರಕಾರ ಭಾರತದಲ್ಲಿ ದೃಷ್ಟಿದೋಷವುಳ್ಳವರ ಸಂಖ್ಯೆ ಸುಮಾರು 1 ಕೋಟಿ 6 ಲಕ್ಷ. ಹತ್ತು ವರ್ಷಗಳ ನಂತರ, 2011ರಲ್ಲಿ, ಅದು ಸುಮಾರು 50 ಲಕ್ಷಕ್ಕೆ ಇಳಿಯಿತು. ಅದೇ ಅವಧಿಯಲ್ಲಿ ಶ್ರವಣದೋಷವುಳ್ಳವರು 12.6 ಲಕ್ಷದಿಂದ ಸುಮಾರು 50 ಲಕ್ಷಕ್ಕೆ ಏರಿದರು. ಅರ್ಧದಷ್ಟು ಜನರಿಗೆ ಕಣ್ಣು ಬಂದಿತೆ? ಉಳಿದವರಿಗೆ ಕಿವಿ ಹೋಯಿತೆ? ಅಂಥದ್ದೇನೂ ಆಗಲಿಲ್ಲ. ಬದಲಾದದ್ದು ಮುಖ್ಯವಾಗಿ ಗಣತಿದಾರರ ಕೈಪಿಡಿ. 2001ರಲ್ಲಿ ಒಂದೇ ಕಣ್ಣು ಕಾಣುವವರನ್ನೂ ಲೆಕ್ಕಕ್ಕೆ ಸೇರಿಸಿಕೊಂಡಿದ್ದರು. 2011ರಲ್ಲಿ ಅವರನ್ನು ಬಿಟ್ಟರು. ಮೊದಲ ಸಲ ಶ್ರವಣಯಂತ್ರ ಹಾಕಿಕೊಂಡವರನ್ನು ಬಿಟ್ಟಿದ್ದರು. ಎರಡನೆಯ ಸಲ ಸೇರಿಸಿದರು.

ಇದು ಬರೀ ಅಂಕಿ ಅಂಶದವರ ತಲೆನೋವು ಎಂದು ತಳ್ಳಿಹಾಕುವಂತಿಲ್ಲ. ಎಷ್ಟು ಗಾಲಿಕುರ್ಚಿ ಬೇಕು, ಎಷ್ಟು ವಿಶೇಷ ಶಾಲೆ ಬೇಕು, ಮಾಸಾಶನಕ್ಕೆ ಎಷ್ಟು ಹಣ ತೆಗೆದಿಡಬೇಕು ಎಂಬ ಪ್ರಶ್ನೆ ಬಂದಾಗಲೆಲ್ಲ ಸರ್ಕಾರ ಮೊದಲು ನೋಡುವುದು ಈ ಸಂಖ್ಯೆಯನ್ನೇ.

ಎಣಿಕೆಯ ಈ ಕಥೆ ಬ್ರಿಟಿಷರ ಕಾಲದ್ದು. 1872ರ ಮೊದಲ ಗಣತಿಯಿಂದ 1931ರವರೆಗೂ ಅಂಧರು, ಕಿವುಡ ಮೂಕರು, ಬುದ್ಧಿಭ್ರಮಣೆಯವರು ಮತ್ತು ಕುಷ್ಠರೋಗಿಗಳನ್ನು ಪ್ರತ್ಯೇಕವಾಗಿ ಬರೆದುಕೊಳ್ಳುತ್ತಿದ್ದರು. ಮೈಸೂರು ಸಂಸ್ಥಾನದ ಹಳೆಯ ಗಣತಿ ವರದಿಗಳಲ್ಲಿಯೂ ಇದಕ್ಕೆಂದೇ ಒಂದು ಅಧ್ಯಾಯವಿದೆ. ಆಗಿನ ಸೂಚನೆ ಬಹಳ ಖಡಾಖಂಡಿತ: ಎರಡೂ ಕಣ್ಣು ಕಾಣದವರನ್ನು ಮಾತ್ರ ಬರೆಯಿರಿ, ಒಕ್ಕಣ್ಣರನ್ನು ಬರೆಯಬೇಡಿ, ಹುಟ್ಟು ಕಿವುಡ ಮೂಕರನ್ನು ಬರೆಯಿರಿ, ಆಮೇಲೆ ಆದವರನ್ನು ಬೇಡ, ಬಿಳಿ ತೊನ್ನನ್ನು ಕುಷ್ಠವೆಂದು ಬರೆಯಬೇಡಿ. ಈ ಎಣಿಕೆಯ ಹಿಂದೆ ಇವರಿಗೆ ಸೌಲಭ್ಯ ಕೊಡುವ ಉದ್ದೇಶ ಇತ್ತೆಂದು ಹೇಳಲಾಗದು. ಕುಷ್ಠರೋಗಿಗಳನ್ನು ಬೇರೆಯಿಡುವ ಕಾಯಿದೆ 1898ರಲ್ಲಿ ಬಂದದ್ದನ್ನು ನೆನೆದರೆ, ಮನೆಬಾಗಿಲಿಗೆ ಬಂದ ಗಣತಿದಾರನಿಗೆ ಜನ ಏಕೆ ಸುಳ್ಳು ಹೇಳುತ್ತಿದ್ದರೆಂದು ಊಹಿಸುವುದು ಕಷ್ಟವಲ್ಲ. ಗಣತಿಯ ಅಧಿಕಾರಿಗಳಿಗೇ ತಮ್ಮ ಅಂಕಿಗಳ ಮೇಲೆ ನಂಬಿಕೆ ಇರಲಿಲ್ಲ. 1941ರಿಂದ ಆ ಪ್ರಶ್ನೆಯನ್ನೇ ಕೈಬಿಟ್ಟರು.

ಸ್ವತಂತ್ರ ಭಾರತದ ಮೊದಲ ಮೂರು ಗಣತಿಗಳೂ ಇದನ್ನು ಕೇಳಲಿಲ್ಲ. ಹಾಗೆಂದು ಸರ್ಕಾರ ಸುಮ್ಮನೆ ಕೂತಿತ್ತೆಂದಲ್ಲ. ವಿಶೇಷ ಉದ್ಯೋಗ ವಿನಿಮಯ ಕೇಂದ್ರಗಳು ಬಂದವು, ಕೃತಕ ಅಂಗಗಳನ್ನು ತಯಾರಿಸುವ ಸರ್ಕಾರಿ ಕಾರ್ಖಾನೆ ಕಾನ್ಪುರದಲ್ಲಿ ತಲೆಯೆತ್ತಿತು, 1977ರಲ್ಲಿ ಕೇಂದ್ರ ಸರ್ಕಾರದ ‘ಸಿ’ ಮತ್ತು ‘ಡಿ’ ದರ್ಜೆಯ ಹುದ್ದೆಗಳಲ್ಲಿ ಶೇ 3ರಷ್ಟು ಮೀಸಲಾತಿ ಬಂತು. ಆದರೆ ಆ ಮೂರು ಎಂಬ ಅಂಕಿಗೆ ಜನಗಣತಿಯ ಆಧಾರ ಇರುವುದು ಸಾಧ್ಯವೇ ಇರಲಿಲ್ಲ. ಕೇಳಿದ್ದರೆ ತಾನೆ!

1981 ಅಂತರರಾಷ್ಟ್ರೀಯ ಅಂಗವಿಕಲರ ವರ್ಷ. ಆಗ ಪ್ರಶ್ನೆ ಮರಳಿತು, ಆದರೆ ವಿಚಿತ್ರ ರೀತಿಯಲ್ಲಿ. ‘ಪೂರ್ತಿ’ ಕುರುಡರು, ‘ಪೂರ್ತಿ’ ಅಂಗಹೀನರು, ‘ಪೂರ್ತಿ’ ಮೂಕರು ಎಷ್ಟು ಜನ ಎಂದು ಕೇಳಿದರು. ಸಿಕ್ಕ ಉತ್ತರ ಸುಮಾರು 11 ಲಕ್ಷ. ಅದೇ ವರ್ಷ ಅದೇ ಸರ್ಕಾರದ ರಾಷ್ಟ್ರೀಯ ಮಾದರಿ ಸಮೀಕ್ಷೆ ಸಮಾಧಾನವಾಗಿ ವಿಚಾರಿಸಿದಾಗ ಬಂದ ಅಂದಾಜು 1 ಕೋಟಿ 20 ಲಕ್ಷ. ಹತ್ತು ಪಟ್ಟು! ಪೋಲಿಯೋದಿಂದ ಒಂದು ಕಾಲು ಸೊರಗಿದ ಹುಡುಗ ‘ಪೂರ್ತಿ’ ಅಂಗಹೀನನೆ? ಗಣತಿಯ ಪುಸ್ತಕಕ್ಕೆ ಅಲ್ಲ. 1991ರಲ್ಲಿ ಪ್ರಶ್ನೆ ಮತ್ತೆ ಮಾಯವಾಯಿತು.

ಅಂಗವಿಕಲರ ಹಕ್ಕುಗಳ ಮೊದಲ ಸಮಗ್ರ ಕಾಯಿದೆಯನ್ನು ಸಂಸತ್ತು ಅಂಗೀಕರಿಸಿದ್ದು 1995ರ ಡಿಸೆಂಬರ್‌ನಲ್ಲಿ. ಮೀಸಲಾತಿ, ಶಿಕ್ಷಣ, ಸಾರಿಗೆ ಎಲ್ಲವೂ ಅದರಲ್ಲಿದ್ದವು. ಆದರೂ 2001ರ ಗಣತಿಯ ಪ್ರಶ್ನಾವಳಿಯಲ್ಲಿ ಮೊದಲಿಗೆ ಇವರಿಗೆ ಜಾಗವಿರಲಿಲ್ಲ. ಗಾಲಿಕುರ್ಚಿಯಲ್ಲೇ ಬದುಕು ನಡೆಸಿದ ಜಾವೇದ್ ಅಬಿದಿ ಮತ್ತವರ ಸಂಗಡಿಗರು ಹೋರಾಡಿ ಆ ಪ್ರಶ್ನೆಯನ್ನು ಸೇರಿಸಬೇಕಾಯಿತು. ತಮ್ಮನ್ನು ಎಣಿಸಿ ಎಂದು ಬೇಡುವುದಕ್ಕೂ ಚಳವಳಿ ಮಾಡಬೇಕಾಗಿ ಬಂದದ್ದು ನಮ್ಮ ಗಣರಾಜ್ಯದ ಚರಿತ್ರೆಯಲ್ಲಿ ಹೆಮ್ಮೆಯ ಪುಟವೇನಲ್ಲ. ಹಾಗೆ ಸೇರಿದ ಪ್ರಶ್ನೆಗೆ ಸಿಕ್ಕ ಉತ್ತರ 2.19 ಕೋಟಿ.

ಪ್ರಶ್ನೆ ಇದ್ದ ಮಾತ್ರಕ್ಕೆ ಉತ್ತರ ಬರುವುದಿಲ್ಲ. ಮನೆಮನೆಗೆ ಹೋಗುವವರು ಬಹುಪಾಲು ಶಾಲಾ ಶಿಕ್ಷಕರು. ಅವರಿಗೂ ಅವಸರ, ಮನೆಯವರಿಗೂ ಮುಜುಗರ. ಅಂಗಳದಲ್ಲಿ ನಿಂತು ‘ಮನೆಯಲ್ಲಿ ಕುಂಟರು, ಕುರುಡರು ಇದ್ದಾರೆಯೇ?’ ಎಂದರೆ, ಒಳಗೆ ಮಾತು ಬಾರದ ಮಗನಿದ್ದರೂ ತಾಯಿ ‘ಇಲ್ಲ’ ಎನ್ನುವುದುಂಟು. ಹಿರಿಯ ಮಗಳ ಮದುವೆ ಆಗಬೇಕಲ್ಲ. ಮಾನಸಿಕ ಕಾಯಿಲೆಯ ಮಾತಂತೂ ಹೇಳುವುದೇ ಬೇಡ. ಜಗತ್ತಿನ ಜನರಲ್ಲಿ ಸುಮಾರು ಶೇ 15 ಮಂದಿಗೆ ಒಂದಲ್ಲ ಒಂದು ಅಂಗವಿಕಲತೆ ಇದೆಯೆಂದು ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಅಂದಾಜು ಮಾಡಿತು. ಅದೇ ವರ್ಷ ನಮ್ಮ ಗಣತಿ ಕಂಡದ್ದು ಶೇ 2.21. ಅಳತೆಗೋಲು ಬೇರೆ ಬೇರೆ ನಿಜ. ಆದರೆ ಅಂತರ ಅಳತೆಗೋಲಿನದಷ್ಟೇ ಎನ್ನಲಾಗದು.

ಇನ್ನು ಸೌಲಭ್ಯದ ಬಾಗಿಲಲ್ಲಿ ಇರುವುದು ಬೇರೆಯೇ ತಕ್ಕಡಿ. ಅಲ್ಲಿ ಬೇಕಾದದ್ದು ವೈದ್ಯರ ಪ್ರಮಾಣಪತ್ರ. 1995ರ ಕಾಯಿದೆ ಶೇ 40 ಎಂಬ ಗೆರೆ ಎಳೆಯಿತು; 2016ರ ಕಾಯಿದೆಯೂ ಅದನ್ನೇ ಉಳಿಸಿಕೊಂಡಿತು. ಒಂದು ಕಣ್ಣು ಪೂರ್ತಿ ಹೋಗಿ ಇನ್ನೊಂದು ಸರಿಯಿದ್ದರೆ ವೈದ್ಯಕೀಯ ಮಾರ್ಗಸೂಚಿ ಕೊಡುವುದು ಶೇ 30. ಅಂದರೆ 2001ರ ಗಣತಿಗೆ ಅಂಗವಿಕಲನಾದ ಒಕ್ಕಣ್ಣ, ಬಸ್ ಪಾಸ್ ಕೇಳುವ ಹೊತ್ತಿಗೆ ಅಂಗವಿಕಲನಲ್ಲ. 2009ರಲ್ಲಿ ಕೇಂದ್ರ ಸರ್ಕಾರ ಬಡತನ ರೇಖೆಯ ಕೆಳಗಿನವರಿಗೆ ತಂದ ಪಿಂಚಣಿಗೆ ಗೆರೆ ಇನ್ನೂ ಮೇಲೆ: ಶೇ 80. ಮೊದಲು ಅದು ತಿಂಗಳಿಗೆ 200 ರೂಪಾಯಿ, 2012ರಲ್ಲಿ 300 ಆಯಿತು.

2016ರ ಕಾಯಿದೆ ಅಂಗವಿಕಲತೆಯ ವಿಧಗಳನ್ನು 7ರಿಂದ 21ಕ್ಕೆ ಏರಿಸಿತು. ಥಲಸ್ಸೀಮಿಯಾ, ಹಿಮೋಫಿಲಿಯಾ, ಪಾರ್ಕಿನ್ಸನ್ ಕಾಯಿಲೆಯವರು, ಆ್ಯಸಿಡ್ ದಾಳಿಗೆ ತುತ್ತಾದವರು ಮೊದಲ ಬಾರಿಗೆ ಪಟ್ಟಿ ಸೇರಿದರು. ಸರ್ಕಾರಿ ಉದ್ಯೋಗದ ಮೀಸಲಾತಿ ಶೇ 4 ಆಯಿತು. ಆದರೆ ಇವರೆಲ್ಲ ಎಷ್ಟು ಮಂದಿ? 2011ರ ಗಣತಿಯಲ್ಲಿದ್ದದ್ದು ಎಂಟೇ ಕಲಮುಗಳು. 2021ರ ಗಣತಿ ನಡೆಯಲೇ ಇಲ್ಲ. 2027ರ ಮಾರ್ಚ್ 1ನ್ನು ಉಲ್ಲೇಖ ದಿನವಾಗಿಟ್ಟುಕೊಂಡ ಮುಂದಿನ ಗಣತಿಗೆ ಅಧಿಸೂಚನೆ ಹೊರಟದ್ದು 2025ರ ಜೂನ್‌ನಲ್ಲಿ. ಹೀಗಾಗಿ ಹೊಸ ಕಾಯಿದೆ ಹಳೆಯ ಸಂಖ್ಯೆಗಳನ್ನು ನಂಬಿಕೊಂಡೇ ವರ್ಷಗಟ್ಟಲೆ ನಡೆದಿದೆ.

ಕರ್ನಾಟಕದ ಪಾಲಿಗೆ ಆ ಹಳೆಯ ಸಂಖ್ಯೆ 13.24 ಲಕ್ಷ, 2001ರಲ್ಲಿ ಅದು 9.4 ಲಕ್ಷವಿತ್ತು. ಇಲ್ಲಿ ಇನ್ನೊಂದು ದಾರಿಯೂ ಇದೆ. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ದುಡಿಯುವ ಪುನರ್ವಸತಿ ಕಾರ್ಯಕರ್ತರನ್ನು ವಿಕಲಚೇತನರಿಂದಲೇ ಆರಿಸಿಕೊಳ್ಳುತ್ತಾರೆ. ಊರುಗೋಲು ಹಿಡಿದು ಬಂದವನು ಅಂಗಳದಲ್ಲಿ ನಿಂತು ಅದೇ ಪ್ರಶ್ನೆ ಕೇಳಿದಾಗ, ತಾಯಿ ಒಳಗಿನ ಮಗನನ್ನು ಹೊರಗೆ ಕರೆಯುವುದು ಸ್ವಲ್ಪ ಸುಲಭವಾಗುತ್ತದೆ.